ಮೂರನೆಯ ಜೋಳವೂ ಏಳನೆಯ ಜೋಳವೂ

ಆ ಒಂದು ಮಧ್ಯಾಹ್ನಕ್ಕೆ ನಾನು ತೆತ್ತದ್ದು ಇಷ್ಟು: ಕಾಯಂ ಆಗಬೇಕಿದ್ದ ಒಂದು ನೌಕರಿ, ನಾಲ್ಕು ವರ್ಷ ಕೂತು ಉಂಡಿದ್ದ ಖಾನಾವಳಿಯ ಒಂದು ಮಣೆ, ಮತ್ತು ರೇಷನ್ ಕಾಲದ ನೂರಾ ಐದು ಜೋಳದ ರೊಟ್ಟಿ. ರೊಟ್ಟಿ ನನ್ನವಲ್ಲ, ಆದರೂ ನನ್ನ ಲೆಕ್ಕಕ್ಕೇ ಹಿಡಿಯುತ್ತೇನೆ. ಪಡೆದದ್ದು ಅಚ್ಚಾದ ಕಾಗದದಲ್ಲಿ ನನ್ನ ಹೆಸರು. ಅದೂ ಆ ಹೆಸರನ್ನು ಒಮ್ಮೆ ಕತ್ತರಿಸಿ ಎಸೆದಿದ್ದ ಮನುಷ್ಯನ ಕೈಯಿಂದಲೇ ಬರೆಸಿಕೊಂಡದ್ದು. ವ್ಯಾಪಾರಿಯಾಗಿ ಹೇಳುವುದಾದರೆ ಬೆಲೆ ತುಸು ಹೆಚ್ಚೇ ಆಯಿತು. ಸರಕು ಮಾತ್ರ ಖೋಟಾ ಅಲ್ಲ.

ಯುದ್ಧದ ಕಾಲ. ಪುಣೆಯಲ್ಲಿ ಬೇಸಾಯದ ಪ್ರಯೋಗ ಮಾಡುವ ಒಂದು ಕಚೇರಿಯಲ್ಲಿ ನಾನು ಹಂಗಾಮಿ ಲೆಕ್ಕಿಗ. ಅದಕ್ಕೆ ಮೊದಲು ಭವಾನಿ ಪೇಠೆಯಲ್ಲಿ ಬಿಜಾಪುರ ಕಡೆಯ ಒಬ್ಬ ಸಾವ್ಕಾರರ ಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಅಲ್ಲಿ ಕಲಿತದ್ದು ಎರಡೇ ಪಾಠ. ಎದುರಿನವನು ಏನನ್ನು ನೋಡುವುದಿಲ್ಲ ಎಂಬುದನ್ನು ನೀನು ಮೊದಲು ನೋಡು. ಕೈಲಿರುವ ಸರಕನ್ನು ಕೇಳುವ ಮುಂಚೆ ತೋರಿಸಬೇಡ. ಕಚೇರಿಯಲ್ಲಿ ಮೊದಲನೆಯದನ್ನು ಪಾಲಿಸಿದೆ, ಎರಡನೆಯದನ್ನು ಮರೆತೆ. ಪೆಟ್ಟು ಬಿದ್ದದ್ದು ಅಲ್ಲಿ.

ಕೆಲಸ ಹೀಗಿತ್ತು. ಯಾವ ಜೋಳ ಹೊಲದಲ್ಲಿ ಹೆಚ್ಚು ಬೆಳೆಯುತ್ತದೆ ಎಂಬುದು ತಕ್ಕಡಿಗೆ ಗೊತ್ತಾಗುತ್ತದೆ. ಯಾವುದರ ರೊಟ್ಟಿ ಚೆನ್ನ ಎಂಬುದಕ್ಕೆ ನಾಲಿಗೆಯೇ ತಕ್ಕಡಿ. ಆದರೆ ನಾಲಿಗೆ ಎಂಬ ತಕ್ಕಡಿ ಮನೆಗೊಂದು ತರಹ. ಒಬ್ಬ ಎಲ್ಲಕ್ಕೂ ಎಂಟಾಣೆ ಅನ್ನುತ್ತಾನೆ, ಇನ್ನೊಬ್ಬ ಎಲ್ಲಕ್ಕೂ ಹದಿನಾಲ್ಕಾಣೆ. ಆದ್ದರಿಂದ ಒಬ್ಬ ತಿಂದ ರೊಟ್ಟಿಯನ್ನು ಮತ್ತೊಬ್ಬ ತಿಂದ ರೊಟ್ಟಿಯ ಜೊತೆ ಹೋಲಿಸುವ ಹಾಗಿಲ್ಲ. ಎರಡು ಜೋಳಗಳಲ್ಲಿ ಯಾವುದು ಮೇಲು ಎಂದು ತಿಳಿಯಬೇಕಾದರೆ ಎರಡೂ ಒಂದೇ ತಾಟಿನಲ್ಲಿ, ಒಬ್ಬನ ಮುಂದೆಯೇ ಬರಬೇಕು. ಹದಿಮೂರು ತಳಿಯ ಜೋಳವಿದ್ದರೆ ಹದಿಮೂರು ರೊಟ್ಟಿಯನ್ನು ಒಬ್ಬನಿಗೇ ತಿನ್ನಿಸಬಹುದೇ? ನಾನು ಮೊದಲು ಹೋಗಿ ಕೇಳಿದ್ದು ನನ್ನ ಹಳೆಯ ಸಾವ್ಕಾರರನ್ನು.

"ನಾಕರ ಮ್ಯಾಲೆ ತಿಂದ್ರ ನಾಲಿಗಿ ಸುಳ್ಳ ಹೇಳತದ ನೋಡೋ ತಮ್ಮಾ," ಅಂದರು. "ಐದನೇದು ಹೊಟ್ಟಿ ಹೇಳತದ, ನಾಲಿಗಿ ಅಲ್ಲ."

ಸರಿ, ತಾಟಿಗೆ ನಾಲ್ಕು. ಆದರೆ ಯಾವ ನಾಲ್ಕು? ಯಾವ ಎರಡು ಜೋಳವನ್ನು ಹೆಸರಿಸಿದರೂ ಅವು ಸಮಸಮನಾಗಿ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ ಎಂಬಂತೆ, ಒಂದೇ ತಾಟಿನಲ್ಲಿ ಭೇಟಿಯಾಗಬೇಕು. ಇಡೀ ವಿದ್ಯೆ ಇಷ್ಟೇ. ಹೇಳುವುದು ಸುಲಭ, ಕೂಡಿಸಲು ಹೋದವನಿಗೆ ಗೊತ್ತು. ಹತ್ತು ತಾಟು ತನಕ ಸಲೀಸಾಗಿ ಬರುತ್ತದೆ. ಹನ್ನೊಂದನೆಯದರಲ್ಲಿ ಹಿಂದೆಯೇ ಭೇಟಿಯಾದ ಇಬ್ಬರು ಮತ್ತೆ ಎದುರಾಗುತ್ತಾರೆ.

ನಾನು ಉಣ್ಣುತ್ತಿದ್ದದ್ದು ಬಿಜಾಪುರ ಕಡೆಯ ಒಬ್ಬ ವಿಧವೆಯ ಖಾನಾವಳಿಯಲ್ಲಿ. ಎಲ್ಲರಿಗೂ ಆಕೆ ಅವ್ವ. ಪ್ರತಿ ಗಿರಾಕಿಗೂ ಅವನದೇ ಒಂದು ಮಣೆ, ಗೋಡೆಯುದ್ದಕ್ಕೂ ಅವನದೇ ಜಾಗ. ಒಂದು ಭಾನುವಾರ ಮಧ್ಯಾಹ್ನ ಆಕೆ ಹಿಟ್ಟು ನಾದುವ ಹಿತ್ತಾಳೆ ಪರಾತವನ್ನು ಬೋರಲು ಹಾಕಿ, ಅಂಚಿನ ಸುತ್ತ ಸುಣ್ಣದಿಂದ ಜೋಳಕ್ಕೊಂದರಂತೆ ಹದಿಮೂರು ಗೆರೆ ಎಳೆದೆ. ಒಂದು ತಾಟಿನ ನಾಲ್ಕು ರೊಟ್ಟಿಗೆ ನಾಲ್ಕು ಹುಣಸೆಬೀಜ ತೆಗೆದುಕೊಂಡೆ. ಹತ್ತಿರದ ಸುತ್ತಿನಿಂದ ಎಣಿಸಿದರೆ ಯಾವ ಎರಡು ಬೀಜಗಳ ನಡುವಿನ ಅಂತರವೂ ಮತ್ತೊಂದು ಜೋಡಿಯ ಅಂತರಕ್ಕೆ ಸಮನಾಗದಂತೆ ಇಡಬೇಕು. ಮೂರು ಭಾನುವಾರ ಹೋದವು. ಕಡೆಗೆ ಒಂದು, ಎರಡು, ನಾಲ್ಕು, ಹತ್ತನೆಯ ಗೆರೆಗಳ ಮೇಲೆ ಇಟ್ಟಾಗ ಅಂತರಗಳು ಒಂದರಿಂದ ಆರರವರೆಗೆ ಒಂದೊಂದೇ ಸಲ ಬಂದವು. ಇನ್ನು ನಾಲ್ಕೂ ಬೀಜಗಳನ್ನು ಒಟ್ಟಿಗೆ ಒಂದೊಂದು ಗೆರೆ ಮುಂದಕ್ಕೆ ಸರಿಸಿದರೆ ಆಯಿತು, ಹದಿಮೂರು ತಾಟು ತಾವಾಗಿಯೇ ಹುಟ್ಟುತ್ತವೆ. ಯಾವ ಎರಡು ಜೋಳವನ್ನು ಹಿಡಿದರೂ ಅವು ಸರಿಯಾಗಿ ಒಂದೇ ಸಲ ಕೂಡುತ್ತವೆ.

"ಏನ್ ಆಟ ಹಚ್ಚೀಯೋ ನನ್ನಪ್ಪಾ?" ಅಂದಳು ಅವ್ವ. "ಪರಾತ ಕೊಡು, ಎಸರ ಕುದ್ದು ಆರಾಕತ್ತದ."

"ಆಟ ಅಲ್ಲವ್ವ, ನೌಕರಿ."

"ಹಂಗಾದ್ರ ಆಮ್ಯಾಲೆ ಪರಾತ ತಿಕ್ಕಿ ಕೊಡು. ಸುಣ್ಣದ ರೊಟ್ಟಿ ಯಾರ ತಿಂತಾರ?"

ತಿಕ್ಕಿ ಕೊಟ್ಟೆ. ಹಾಳೆಯಲ್ಲಿ ಚೊಕ್ಕವಾಗಿ ಬರೆದು, ಬಲಗಡೆಯ ಮೂಲೆಯಲ್ಲಿ ನನ್ನ ಹೆಸರು ಹಾಕಿ, ಮರುದಿನ ಸಹಾಯಕ ಸಾಹೇಬರ ಮುಂದಿಟ್ಟು, ಅವ್ವನ ಪರಾತದ ಉಪಾಯವನ್ನೂ ವಿವರಿಸಿದೆ. ಕೇಳುವ ಮುಂಚೆ ಸರಕು ತೋರಿಸಿದೆ ಅಂದೆನಲ್ಲ, ಅದು ಇದು.

ಸಹಾಯಕ ಸಾಹೇಬರು ನಮ್ಮ ಧಾರವಾಡ ಕಡೆಯವರೇ. ವಿಲಾಯತಿಗೆ ಹೋಗಿ ಬಂದವರು. ನಮ್ಮವರು ಎಂದೇ ನಂಬಿದ್ದೆ. ಹದಿಮೂರು ಜೋಳದ ಪ್ರಯೋಗ ನಡೆಯಿತು, ವರದಿ ಅಚ್ಚಾಗಿ ಬಂತು. ಅದರಲ್ಲಿ "ಈ ಜೋಡಣೆಯನ್ನು ರಚಿಸಿದವರು" ಎಂಬಲ್ಲಿ ಅವರ ಹೆಸರು. ಬೇರೊಂದು ಕಾಗದ ಹುಡುಕುವಾಗ ಫೈಲಿನಲ್ಲಿ ನನ್ನ ಹಾಳೆ ಸಿಕ್ಕಿತು. ಬಲಗಡೆಯ ಮೂಲೆ ಇರಲಿಲ್ಲ. ಹರಿದದ್ದಲ್ಲ, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಆ ನೀಟು ನನ್ನನ್ನು ಸುಟ್ಟಿತು. ಸಿಟ್ಟಿನಲ್ಲಿ ಹರಿದಿದ್ದರೆ ಮರೆಯುತ್ತಿದ್ದೆನೇನೋ.

ಒಳಗೆ ಹೋಗಿ ಕೇಳಿದೆ. "ಸಾಹೇಬ್ರ, ನನ್ನ ಹೆಸರ ಎಲ್ಲಿ ಹೋತ್ರಿ?"

ಅವರು ನಕ್ಕರು. "ಪರಾತ ತಿರುಗಿಸಿದ್ದಕ್ಕ ಹೆಸರ ಬೇಕೇನು ನಿನಗ? ಹಂಗ ನೋಡಿದ್ರ ಆ ಖಾನಾವಳಿ ಮುದುಕಿ ಹೆಸರೂ ಹಾಕಬೇಕಾಗತದ. ಪರಾತ ಆಕೀದಲ್ಲ?"

ಪಕ್ಕದಲ್ಲಿದ್ದ ಗುಮಾಸ್ತರೂ ನಕ್ಕರು. ನಾನೂ ನಕ್ಕೆ. ಭವಾನಿ ಪೇಠೆಯಲ್ಲಿ ಮೋಸ ಹೋದವನು ಮೊದಲು ನಗುತ್ತಾನೆ, ಆಮೇಲೆ ಕಾಯುತ್ತಾನೆ. ಆ ಮೂಲೆಯಿಲ್ಲದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದೆ. ಅದು ಇವತ್ತಿಗೂ ನನ್ನ ಬಳಿ ಇದೆ.

ಮುಂದಿನ ಮಳೆಗಾಲದಲ್ಲಿ ಅವರು ದೊಡ್ಡ ಸಾಹೇಬರಿಗೆ, ಎಂದರೆ ಇಡೀ ಕಚೇರಿಯ ಮುಖ್ಯಸ್ಥರಿಗೆ, ಒಂದು ಪತ್ರ ಬರೆದುಬಿಟ್ಟರು: ಈ ಸಲ ಹದಿನೈದು ಜೋಳ, ತಾಟಿಗೆ ಐದು ರೊಟ್ಟಿ, ಇಪ್ಪತ್ತೊಂದು ಜನ ಉಣ್ಣುವವರು. ಪತ್ರ ಹೋದ ಮೇಲೆ ನನ್ನನ್ನು ಕರೆದರು.

"ಲೆಕ್ಕಾ ಪೂರಾ ಕೂಡತದ ನೋಡು," ಅಂದರು. "ದಸರಾದೊಳಗ ಜೋಡಿಸಿ ಕೊಡು. ನಿನ್ನ ಕಾಯಂ ಮಾಡಸ್ತೀನಿ."

ಲೆಕ್ಕ ಕೂಡುತ್ತಿತ್ತು, ಅದು ನಿಜ. ಇಪ್ಪತ್ತೊಂದು ತಾಟಿಗೆ ಐದೈದರಂತೆ ನೂರಾ ಐದು ರೊಟ್ಟಿ. ಹದಿನೈದು ಜೋಳಕ್ಕೆ ಹಂಚಿದರೆ ಒಂದೊಂದಕ್ಕೂ ಏಳು ತಾಟು. ಏಳು ತಾಟಿನಲ್ಲಿ ಒಂದು ಜೋಳಕ್ಕೆ ಇಪ್ಪತ್ತೆಂಟು ನೆರೆಯವರು. ಉಳಿದ ಹದಿನಾಲ್ಕು ಜೋಳಕ್ಕೆ ಹಂಚಿದರೆ ತಲಾ ಎರಡು ಭೇಟಿ. ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ. ಕಾಯಂ ಎಂಬ ಮಾತಿಗೆ ನಾನು ಕೆಲಸಕ್ಕೆ ಕೂತೆ, ಸುಳ್ಳೇಕೆ ಹೇಳಲಿ. ಈ ಸಲ ಹಾಳೆಯ ಮೂಲೆಯಲ್ಲಿ ಅಲ್ಲ, ನಡುಮಧ್ಯದಲ್ಲಿ ಹೆಸರು ಬರೆದು ಕೊಡುವುದೆಂದು ನಿಶ್ಚಯಿಸಿದ್ದೆ.

ಎರಡು ತಿಂಗಳು ತಿಣುಕಿದೆ. ಹದಿನೈದು ಕಾರ್ಡು ಮಾಡಿಕೊಂಡು ಕೈಯಿಂದಲೇ ತಾಟು ಕಟ್ಟುತ್ತಾ ಹೋದೆ. ಹದಿನಾರು, ಹದಿನೇಳನೆಯ ತಾಟಿನವರೆಗೆ ಬರುತ್ತಿತ್ತು. ಆಮೇಲೆ ಇನ್ನೂ ಭೇಟಿಯಾಗಬೇಕಾದ ಇಬ್ಬರಿಗೆ ಜಾಗವೇ ಇರುತ್ತಿರಲಿಲ್ಲ. ಒಂದು ಕಡೆ ಬಿಚ್ಚಿ ಸರಿಮಾಡಿದರೆ ಮತ್ತೊಂದು ಕಡೆ ಹರಿಯುತ್ತಿತ್ತು.

ಪರಾತಕ್ಕೆ ಹೋದೆ. ಹದಿನೈದು ಗೆರೆ ಎಳೆದೆ. ಐದು ಬೀಜ ಇಟ್ಟು ಸುತ್ತ ತಿರುಗಿಸಿದರೆ ಹದಿನೈದು ತಾಟು. ಇನ್ನೂ ಆರು ಬೇಕು. ಅದಕ್ಕೊಂದು ಉಪಾಯ ಕಂಡಿತು. ಮೂರು ಮೂರು ಗೆರೆ ಬಿಟ್ಟು ಹಿಡಿದರೆ ಒಂದು, ನಾಲ್ಕು, ಏಳು, ಹತ್ತು, ಹದಿಮೂರು ಒಂದು ಮನೆಯವರಾಗುತ್ತಾರೆ. ಇಂಥ ಮನೆ ಮೂರು. ಮೂರು ಮನೆಗೆ ಮೂರು ತಾಟು, ಎರಡೆರಡು ಸಲ ಬಡಿಸಿದರೆ ಆರು. ಅಲ್ಲಿಗೆ ಇಪ್ಪತ್ತೊಂದಾಯಿತು! ಆದರೆ ಒಂದೇ ಮನೆಯವರು ಈ ಆರು ತಾಟುಗಳಲ್ಲೇ ಎರಡು ಸಲ ಭೇಟಿಯಾಗಿ ಮುಗಿಸಿರುತ್ತಾರೆ. ಹಾಗಾದರೆ ತಿರುಗುವ ಐದು ಬೀಜಗಳಲ್ಲಿ ಒಂದೇ ಮನೆಯ ಇಬ್ಬರು ಇರಕೂಡದು. ಬೀಜ ಐದು, ಮನೆ ಮೂರು. ಐದು ಜನರನ್ನು ಮೂರು ಮನೆಗೆ ಕಳಿಸಿ, ಇಬ್ಬರು ಒಂದೇ ಬಾಗಿಲಿಗೆ ಹೋಗದ ಹಾಗೆ ಮಾಡಿ ನೋಡೋಣ! ಆಗುವುದಿಲ್ಲ. ಇದನ್ನು ತಿಳಿಯಲು ವಿಲಾಯತಿ ಬೇಕಿಲ್ಲ.

ಆಗ ನನಗೆ ಅನುಮಾನ ಗಟ್ಟಿಯಾಯಿತು. ಜಾತಕದಲ್ಲಿ ಮೂವತ್ತಾರೂ ಗುಣ ಕೂಡಿದ ಮಾತ್ರಕ್ಕೆ ಸಂಸಾರ ಕೂಡುತ್ತದೆಯೇ? ಲೆಕ್ಕ ಕೂಡಿದೆ, ಜೋಡಣೆ ಕೂಡುವುದಿಲ್ಲ. ಪರಾತದಲ್ಲಿ ಆಗದು ಎಂದಷ್ಟೇ ಆಗ ನಾನು ತೋರಿಸಬಲ್ಲವನಾಗಿದ್ದೆ. ಯಾವ ದಾರಿಯಲ್ಲಿ ಹೋದರೂ ಆಗದು ಎಂದು ಬಲ್ಲವರು ತೋರಿಸಿಕೊಟ್ಟರೆಂದು ವರ್ಷಗಳ ಮೇಲೆ ಕೇಳಿದೆ. ಅದನ್ನು ಕೇಳಿದ ದಿನ ಪೇಢೆ ಹಂಚಿದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಸುಮ್ಮನೆ ಬರಿಗೈಯಲ್ಲಿ ಹೋಗುವವನಲ್ಲ ನಾನು. ಒಂದು ಜೋಳ ಸೇರಿಸಿ ಹದಿನಾರು ಮಾಡಿದರೆ, ತಾಟಿಗೆ ನಾಲ್ಕೇ ಇಟ್ಟರೆ? ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ, ಜೋಳಕ್ಕೊಂದರಂತೆ ಹದಿನಾರು ಎಲೆ ತೆಗೆದು ನಾಲ್ಕು ಸಾಲು ನಾಲ್ಕು ಕಂಬದಲ್ಲಿ ಹಾಸಿದೆ. ಪ್ರತಿ ಸಾಲಿನಲ್ಲೂ ಕಂಬದಲ್ಲೂ ನಾಲ್ಕೂ ಜಾತಿಯೂ ನಾಲ್ಕೂ ಮುಖವೂ ಒಂದೊಂದೇ ಬರುವಂತೆ ಹಾಸುವುದು ಹಳೆಯ ಆಟ. ಒಂದು ಸಾಲಿನ ನಾಲ್ಕು ಎಲೆ ಒಂದು ತಾಟು, ಒಂದು ಕಂಬದ ನಾಲ್ಕು ಒಂದು ತಾಟು, ಒಂದೇ ಜಾತಿಯ ನಾಲ್ಕು, ಒಂದೇ ಮುಖದ ನಾಲ್ಕು. ಹದಿನಾರು ತಾಟು ಹೀಗೆ ಬಂದವು. ಮತ್ತೆ ಎಲೆಗಳ ಮೇಲೆ ಅರಿಶಿನ, ಕುಂಕುಮ, ಸುಣ್ಣ, ಕಾಡಿಗೆಯ ಬೊಟ್ಟು ಇಟ್ಟು ಅದೇ ನಿಯಮದಂತೆ ಐದನೆಯ ಗುರುತು ಕೂಡಿಸಿದೆ. ಇನ್ನು ನಾಲ್ಕು ತಾಟು. ಒಟ್ಟು ಇಪ್ಪತ್ತು. ಯಾವ ಎರಡು ಎಲೆ ಎತ್ತಿದರೂ ಐದು ಗುರುತುಗಳಲ್ಲಿ ಒಂದರಲ್ಲಿ, ಒಂದೇ ಒಂದರಲ್ಲಿ, ಅವು ಕೂಡುತ್ತವೆ.

ಇದನ್ನು ತೋರಿಸಲಿಲ್ಲ. ಬಾಯಿಮಾತಿನಲ್ಲಿ ಮಾತ್ರ ಚೌಕಾಸಿಗೆ ಇಳಿದೆ.

"ಸಾಹೇಬ್ರ, ಹದಿನೈದು ಐದರದು ಕೂಡಂಗಿಲ್ಲರಿ. ಹದಿನಾರು ಮಾಡ್ರಿ, ತಾಟಿಗೆ ನಾಕ ಇಡ್ರಿ. ಇಪ್ಪತ್ತ ಮಂದಿ ಸಾಕು. ನಾಕರ ಮ್ಯಾಲೆ ನಾಲಿಗಿನೂ ಕೇಳಂಗಿಲ್ಲ."

"ಇದು ನಿನ್ನ ಜೋಳದ ಅಂಗಡಿ ಅಲ್ಲೋ, ಸೇರು ಇಷ್ಟಕ್ಕ ಕೊಡ್ರಿ ಅಷ್ಟಕ್ಕ ಕೊಡ್ರಿ ಅನ್ನಾಕ," ಅಂದರು. "ದೊಡ್ಡ ಸಾಹೇಬರಿಗೆ ಐದು ಅಂತ ಬರದಾಗೇದ. ನಿನಗ ಬುದ್ಧಿ ಸಾಲವಲ್ದು ಅಂತ ಹೇಳು, ಕೂಡಂಗಿಲ್ಲ ಅನ್ನಬ್ಯಾಡ."

ನಾನು ಹೊರಗೆ ಬಂದೆ. ಎರಡು ದಿನದ ಮೇಲೆ ಅವರೇ ಕರೆದರು. ಮೇಜಿನ ಮೇಲೆ ಅವರ ಕೈಬರಹದಲ್ಲಿ ಇಪ್ಪತ್ತೊಂದು ತಾಟುಗಳ ಪಟ್ಟಿ.

"ನೋಡು. ನಿನಗ ಎರಡ ತಿಂಗಳದಾಗ ಆಗಲಿಲ್ಲ. ನನಗ ಎರಡ ತಾಸು. ಚೊಕ್ಕ ನಕಲು ಮಾಡಿ ತಾ."

ಕೂತು ನೋಡಿದೆ. ನನ್ನ ಮನೆಗಳ ಉಪಾಯವೇ ಅವರಿಗೂ ಹೊಳೆದಿತ್ತು. ಮೂರು ಮನೆ, ಎರಡೆರಡು ಸಲ. ತಿರುಗುವ ಬೀಜಗಳಿಗೆ ನನ್ನ ಹಳೆಯ ಒಂದು, ಎರಡು, ನಾಲ್ಕು, ಹತ್ತನ್ನೇ ತೆಗೆದುಕೊಂಡು ಹನ್ನೊಂದನ್ನು ಸೇರಿಸಿದ್ದರು. ಅವರು ಪರೀಕ್ಷಿಸಿದ್ದು ಏನು? ಪ್ರತಿ ತಾಟಿನಲ್ಲೂ ಐದು ಇದೆಯೇ, ಇದೆ. ಪ್ರತಿ ಜೋಳವೂ ಏಳು ಸಲ ಬಂದಿದೆಯೇ, ಬಂದಿದೆ. ಅಷ್ಟಕ್ಕೆ ನಿಲ್ಲಿಸಿದ್ದರು. ನಾನು ಅಂತರ ಎಣಿಸಿದೆ. ಒಂದು ಬಂತು, ಎರಡು ಬಂತು, ಮೂರು ಬಂತು, ಐದು ಬಂತು, ಆರು ಬಂತು, ಏಳು ಬಂತು. ನಾಲ್ಕು ಬರಲೇ ಇಲ್ಲ. ಮತ್ತೆ ಎಣಿಸಿದೆ. ಪರಾತದ ಮೇಲೆ ನಾಲ್ಕು ಗೆರೆ ದೂರದಲ್ಲಿರುವ ಯಾವ ಎರಡು ಜೋಳವೂ ಒಂದೇ ಒಂದು ತಾಟಿನಲ್ಲೂ ಭೇಟಿಯಾಗುವುದಿಲ್ಲ. ಅಂಥ ಜೋಡಿ ಹದಿನೈದು. ಆರು ಗೆರೆ ದೂರದವರೋ, ಐದೈದು ಸಲ ಕೂಡಿ ಉಣ್ಣುತ್ತಾರೆ.

ಆಮೇಲೆ ಜೋಳಗಳ ಹೆಸರಿನ ಪಟ್ಟಿ ನೋಡಿದೆ. ಮೂರನೆಯದು ಪುಣೆಯ ಹತ್ತಿರದ ಸಾಸವಡ ಕಡೆಯ ಜೋಳ. ಏಳನೆಯದು ಬಿಜಾಪುರದ್ದು. ಭವಾನಿ ಪೇಠೆಯಲ್ಲಿ ನಾನು ಕಾಲಿಟ್ಟ ದಿನದಿಂದ ನಡೆಯುತ್ತಿದ್ದ ಜಗಳ ಅದೊಂದೇ: ಸಾಸವಡದ್ದೋ ಬಿಜಾಪುರದ್ದೋ? ಇಡೀ ಪ್ರಯೋಗದಿಂದ ಪೇಠೆಯವರಿಗೆ ಬೇಕಿದ್ದ ಉತ್ತರ ಒಂದೇ. ಆ ಎರಡು ಜೋಳ ಇಪ್ಪತ್ತೊಂದು ತಾಟುಗಳಲ್ಲಿ ಒಂದರಲ್ಲೂ ಕೂಡುತ್ತಿರಲಿಲ್ಲ.

ಹೇಳಬಹುದಿತ್ತು. ಎದ್ದು ಎಂಟು ಹೆಜ್ಜೆ ಹೋಗಿ ಬಾಗಿಲು ತಟ್ಟಿದರೆ ಮುಗಿಯುತ್ತಿತ್ತು. ಜೇಬಿನಿಂದ ಮೂಲೆಯಿಲ್ಲದ ಹಾಳೆ ತೆಗೆದು ಮೇಜಿನ ಮೇಲಿಟ್ಟುಕೊಂಡೆ, ಅದರ ಪಕ್ಕದಲ್ಲೇ ನಕಲು ಮಾಡಲು ಶುರುಮಾಡಿದೆ. ಒಂದು ಅಂಕಿ ಆಚೀಚೆ ಮಾಡಲಿಲ್ಲ. ಅವರ ತಪ್ಪು ಅವರದಾಗಿಯೇ ಇರಬೇಕು, ನನ್ನ ಕೈಯ ಕೊಳೆ ಅದಕ್ಕೆ ಹತ್ತಕೂಡದು.

ಒಯ್ದು ಕೊಟ್ಟಾಗ ಎರಡು ಪ್ರಶ್ನೆ ಕೇಳಿದೆ. ಎರಡೂ ಗುಮಾಸ್ತರ ಎದುರಿಗೆ.

"ಜೋಡಿ ಪಟ್ಟಿನೂ ಹಚ್ಚಲೇನ್ರಿ ಸಾಹೇಬ್ರ? ಯಾವ್ಯಾವ ಜೋಳ ಎಷ್ಟೆಷ್ಟ ಸಲ ಕೂಡತಾವ ಅಂತ?"

"ಬ್ಯಾಡ. ಅಡ್ಡ ಕೂಡತದ, ಉದ್ದ ಕೂಡತದ. ಇನ್ನೇನ್ ಬೇಕು?"

"ರಚಿಸಿದವರು ಅಂತ ಯಾರ ಹೆಸರ ಬರೀಲ್ರಿ?"

"ನಂದು ಬರಿ. ಮತ್ತ ಯಾರದು?"

ಬರೆದೆ. ಇಡೀ ಹಾಳೆಯಲ್ಲಿ ಆ ಹೆಸರಿನಷ್ಟು ದುಂಡಗೆ ಬೇರೇನೂ ಬರಲಿಲ್ಲ.

ಪ್ರಯೋಗಕ್ಕೆ ಎಂಟು ದಿನವಿತ್ತು. ಉಣ್ಣುವವರಲ್ಲಿ ನನ್ನ ಹಳೆಯ ಸಾವ್ಕಾರರೂ ಒಬ್ಬರು. ಏಳನೆಯ ಜೋಳ ಬಂದದ್ದೇ ಅವರ ಅಂಗಡಿಯಿಂದ. ಅವರಿಗೆ ಇಷ್ಟೇ ಹೇಳಿದೆ: "ಸಾವ್ಕಾರ್ರ, ಊಟ ಮುಗದ ಮ್ಯಾಲೆ ದೊಡ್ಡ ಸಾಹೇಬರ ಮುಂದ ಒಂದ ಮಾತ ಕೇಳ್ರಿ. ಸಾಸವಡದ್ದೂ ನಮ್ಮದೂ ಎರಡೂ ಉಂಡಾವ್ರು ಯಾರು ಅಂತ."

"ಅದನ್ನ ನೀ ಹೇಳದಿದ್ರೂ ಕೇಳಾವನ ಇದ್ದೆ," ಅಂದರು.

ರೊಟ್ಟಿ ಬಡಿಯುವ ಕೆಲಸ ಅವ್ವನಿಗೇ ಬಂದಿತ್ತು. ಹದಿಮೂರರ ಪ್ರಯೋಗಕ್ಕೂ ಆಕೆಯೇ ಬಡಿದಿದ್ದಳು. ಆ ಎಂಟು ದಿನವೂ ನಾನು ಆಕೆಯ ಮುಂದೆ ಮಣೆ ಹಾಕಿಕೊಂಡು ಕೂತು ಉಂಡೆ. ಆಕೆ ಹದಿನೈದು ಡಬ್ಬಿಗಳಲ್ಲಿ ಹದಿನೈದು ಹಿಟ್ಟನ್ನು ಬೆರೆಯದ ಹಾಗೆ ಜೋಡಿಸಿಡುತ್ತಿದ್ದಳು. ನನ್ನ ತಲೆಯಲ್ಲಿ ಒಂದೇ ಒಂದು ಮುಖವಿತ್ತು, ಅದು ಆಕೆಯದಲ್ಲ.

ಆ ದಿನ ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಇಪ್ಪತ್ತೊಂದು ಜನರ ಪಂಕ್ತಿ. ಬೆಳಗಿನಿಂದ ಅವ್ವ ಮತ್ತು ಇಬ್ಬರು ಹೆಂಗಸರು ಮೂರು ಒಲೆ ಹೂಡಿ ಬಡಿಯುತ್ತಿದ್ದರು. ಅಂಗೈಯಗಲದ ಸಣ್ಣ ರೊಟ್ಟಿ ಸಾಕು ಎಂದು ಸಹಾಯಕ ಸಾಹೇಬರು ಹೇಳಿ ಕಳಿಸಿದ್ದರು.

"ಸಣ್ಣ ರೊಟ್ಟಿ ಬಡೀಲಾಕ ನಾನೇನ್ ಗೊಂಬಿ ಮದುವಿ ಮಾಡಾಕತ್ತೀನೇನು?" ಅಂದಳಂತೆ. "ಮಂದಿನ ಕರದೀರಿ, ಮಂದಿಗೆ ಹಾಕೂ ರೊಟ್ಟಿನ ಹಾಕತೀನಿ." ಹಾಕಿದಳು. ನೂರಾ ಐದು, ಒಂದರಂತೆ ಒಂದು, ಹುಣ್ಣಿಮೆಯ ಚಂದ್ರ.

ಪಂಕ್ತಿಯಲ್ಲಿ ಗಲಾಟೆ ಎದ್ದಿತು. ಚಟ್ನಿ ಇಲ್ಲ, ಝುಣಕ ಇಲ್ಲ, ಬರೇ ರೊಟ್ಟಿ ಮತ್ತು ನೀರು.

"ಖಾರಾ ಇಲ್ದ ತಿನ್ನಾಕ ನಾವೇನ್ ಎತ್ತೇನ್ರಿ ಸಾಹೇಬ್ರ?"

"ಎತ್ತಿಗೂ ಹಿಂಡಿ ಹಾಕತಾರೋ ಮಾರಾಯ, ನಿನಗ ಅದೂ ಇಲ್ಲ!"

ಐದನೆಯ ರೊಟ್ಟಿಗೆ ಬರುವಷ್ಟರಲ್ಲಿ ಅರ್ಧ ಜನ ಮುರಿದು ಮುರಿದು ಆಡುತ್ತಿದ್ದರು. ದೊಡ್ಡ ಸಾಹೇಬರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅವರು ಮರಾಠಿಯವರು, ವಯಸ್ಸಾದವರು, ಮಾತು ಕಡಿಮೆ. ಅವರ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಸಹಾಯಕ ಸಾಹೇಬರು ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದರು, ಮದುವೆಮನೆಯ ಬೀಗರ ಹಾಗೆ.

ಅಂಕ ಬರೆದ ಚೀಟಿಗಳು ಬಂದ ಮೇಲೆ ಸಾವ್ಕಾರರು ರುಮಾಲು ಸರಿಮಾಡಿಕೊಂಡು ಎದ್ದು ಮರಾಠಿಯಲ್ಲೇ ಕೇಳಿದರು. "ಸಾಹೇಬ, ಒಂದು ಮಾತು. ಸಾಸವಡದ ಜೋಳವನ್ನೂ ನಮ್ಮ ಬಿಜಾಪುರದ ಜೋಳವನ್ನೂ ಒಂದೇ ತಾಟಿನಲ್ಲಿ ಉಂಡವರು ಯಾರು? ಅವರ ಮುಖ ತೋರಿಸಿ. ಎರಡರಲ್ಲಿ ಯಾವುದು ರುಚಿ ಎಂದು ಅವರನ್ನೇ ಕೇಳುತ್ತೇನೆ."

ಸಹಾಯಕ ಸಾಹೇಬರು ನಕ್ಕು ಪಟ್ಟಿ ನೋಡಿದರು. ಮೂರು ಮತ್ತು ಏಳು. ಮೊದಲ ತಾಟು, ಎರಡನೆಯದು, ಮೂರನೆಯದು. ಬೆರಳು ಕೆಳಗಿಳಿಯುತ್ತಾ ಹೋಯಿತು. ತಳಕ್ಕೆ ಮುಟ್ಟಿತು. ಮತ್ತೆ ಮೇಲಿನಿಂದ ಶುರುವಾಯಿತು. ನಗು ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ. ನಾನು ಬೇವಿನ ಬೊಡ್ಡೆಗೆ ಒರಗಿ ನಿಂತು ಒಂದೊಂದನ್ನೂ ನೋಡಿದೆ. ಹೊಟ್ಟೆ ತುಂಬಾ ನೋಡಿದೆ.

"ಜೋಡಿಗಳ ಪಟ್ಟಿ ಎಲ್ಲಿ?" ಕೇಳಿದರು ದೊಡ್ಡ ಸಾಹೇಬರು.

ಸಹಾಯಕ ಸಾಹೇಬರು ಕೈಲಿದ್ದ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು.

"ಮಾಡಲಿಲ್ಲವೇ?"

ಸಹಾಯಕ ಸಾಹೇಬರು ನನ್ನ ಕಡೆ ಕೈ ತೋರಿಸಿದರು. "ಇವನು ನಕಲು ಮಾಡಿದ್ದು. ಏನೋ ತಪ್ಪಾಗಿರಬೇಕು."

ಇದಕ್ಕೇ ಕಾದಿದ್ದೆ. ನಕಲಿಗೆ ಕೊಟ್ಟು ಅವರು ಮರಳಿ ಕೇಳದಿದ್ದ ಕೈಬರಹದ ಮೂಲ ಹಾಳೆಯನ್ನು ದೊಡ್ಡ ಸಾಹೇಬರ ತೊಡೆಯ ಮೇಲಿಟ್ಟೆ. ಅದರ ಮೇಲೆ ನಾನು ಮಾಡಿದ್ದ ಜೋಡಿ ಪಟ್ಟಿ ಇಟ್ಟೆ. ಹದಿನೈದು ಸೊನ್ನೆಗಳನ್ನು ಕೆಂಪು ಮಸಿಯಲ್ಲಿ ಬರೆದಿದ್ದೆ. ಅದರ ಮೇಲೆ ಮೂಲೆ ಕತ್ತರಿಸಿದ ಹಳೆಯ ಹಾಳೆ. ಕೊನೆಗೆ ಹದಿನಾರು ಜೋಳದ, ಇಪ್ಪತ್ತು ತಾಟಿನ ಹೊಸ ಜೋಡಣೆಯನ್ನು ತೋರಿಸಿದೆ. ಕೊಡಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದೆ.

"ಒಂದು ಷರತ್ತು ಇದೆ ಸಾಹೇಬ," ಅಂದೆ. "ರಚಿಸಿದವರು ಎಂಬಲ್ಲಿ ನನ್ನ ಹೆಸರು ಬರಬೇಕು. ಅದನ್ನು ಇವರೇ ಬರೆಯಬೇಕು. ಇಲ್ಲೇ, ಈಗಲೇ."

ದೊಡ್ಡ ಸಾಹೇಬರು ಮೂಲೆಯಿಲ್ಲದ ಹಾಳೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ತಮ್ಮ ಪೆನ್ನನ್ನು ಸಹಾಯಕ ಸಾಹೇಬರ ಕಡೆ ಚಾಚಿದರು. ಅವರು ಬರೆದರು. ಅಕ್ಷರ ದುಂಡಗೇ ಬಂದವು, ಅದು ನನಗೆ ಸ್ವಲ್ಪ ಬೇಸರ. ಕಿವಿ ಮಾತ್ರ ಕೆಂಪಾಗಿದ್ದವು.

ಅಲ್ಲಿಗೆ ಮುಗಿದಿದ್ದರೆ ನಾನು ಈ ಬರಹವನ್ನು ಬೆಲೆಯಿಂದ ಶುರುಮಾಡುತ್ತಿರಲಿಲ್ಲ.

"ಈ ಸೊನ್ನೆಗಳು ನಿನಗೆ ಯಾವಾಗ ಗೊತ್ತಾದವು?" ಕೇಳಿದರು ದೊಡ್ಡ ಸಾಹೇಬರು.

ಗೆದ್ದ ಅಮಲಿನಲ್ಲಿದ್ದೆ. "ಎಂಟು ದಿನದ ಹಿಂದೆಯೇ, ಸಾಹೇಬ."

ಅವರು ಪಂಕ್ತಿಯ ಕಡೆ ನೋಡಿದರು. ಮುರಿದ ರೊಟ್ಟಿಗಳು, ಅರ್ಧ ತಿಂದ ತಾಟುಗಳು, ಮೂರು ಒಲೆ. ಹೊರಗೆ ರೇಷನ್ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಿದ್ದ ದಿನಗಳು ಅವು. "ಹೆಸರು ನಿನ್ನದು, ನ್ಯಾಯವಾಗಿ ನಿನ್ನದು," ಅಂದರು. "ನೌಕರಿ ಇಲ್ಲ. ತಪ್ಪು ಮಾಡುವವನನ್ನು ನಾನು ತಿದ್ದಬಲ್ಲೆ. ತಪ್ಪನ್ನು ಕಂಡು ಹಿಟ್ಟು ಕಲಸುವ ತನಕ ಕಾಯುವವನನ್ನು ಎಲ್ಲಿ ಇಟ್ಟುಕೊಳ್ಳಲಿ?"

ಅದನ್ನೂ ಸಹಿಸಿದೆ. ನೌಕರಿ ಹೋದರೆ ತಕ್ಕಡಿ ಇದೆ. ತಿರುಗಿದರೆ ಹಿಂದೆ ಅವ್ವ ನಿಂತಿದ್ದಳು. ವರ್ಷಗಟ್ಟಲೆ ಪುಣೆಯವರಿಗೆ ಉಣ್ಣಲಿಕ್ಕೆ ಹಾಕಿದ ಆಕೆಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಎರಡೂ ಅಂಗೈಗಳನ್ನು ಸೆರಗಿನಲ್ಲಿ ಹಿಡಿದುಕೊಂಡಿದ್ದಳು. ಕೆಂಪಗಾಗಿದ್ದವು.

"ನಿನಗ ಗೊತ್ತಿತ್ತು?"

"ಗೊತ್ತಿತ್ತವ್ವ."

"ಎಂಟ ದಿವಸ ನನ್ನ ಮುಂದ ಕುಂತ ಉಂಡಿ. ಡಬ್ಬಿ ಮ್ಯಾಲೆ ಡಬ್ಬಿ ಇಡೂದ ನೋಡಿದಿ. ಒಂದ ಮಾತ ಅಂದಿದ್ರ ಹಿಟ್ಟ ಉಳೀತಿತ್ತು, ನನ್ನ ಕೈನೂ ಉಳೀತಿತ್ತು."

"ಅವ್ವ, ಅಂವಾ ನಿನ್ನನ್ನೂ ಮುದುಕಿ ಅಂದು ನಕ್ಕಿದ್ದ."

"ಅಂದ್ರ ಏನಾತು? ಮುದುಕಿನ ಇದ್ದೀನಿ. ಅಂವಾ ಬಾಯಿಲೆ ಅಂದ. ನೀ ಮಾಡಿ ತೋರಿಸಿದಿ."

ಮರುದಿನ ಊಟಕ್ಕೆ ಹೋದಾಗ ಸಾಲಿನಲ್ಲಿ ನನ್ನ ಮಣೆಯೊಂದನ್ನು ಮಾತ್ರ ಗೋಡೆಗೆ ಮುಖ ಮಾಡಿ ನಿಲ್ಲಿಸಲಾಗಿತ್ತು. ಖಾನಾವಳಿಯಲ್ಲಿ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ಗಳಿಗೆ ನಿಂತು ನೋಡಿ ಬಂದೆ.

ಸಂಕ್ರಾಂತಿಯ ಮೇಲೆ ನನ್ನ ಹದಿನಾರು ಜೋಳದ ಪ್ರಯೋಗ ನಡೆಯಿತು. ಎಂಬತ್ತು ರೊಟ್ಟಿ. ಬಡಿದದ್ದು ಅವ್ವನೇ. ನಾನು ಕಾಂಪೌಂಡಿನ ಹೊರಗೆ ನಿಂತು ರೊಟ್ಟಿ ಬಡಿಯುವ ಸದ್ದನ್ನು ಕೇಳಿದೆ. ಗೆದ್ದದ್ದು ಸಾಸವಡದ ಜೋಳ, ಅದೂ ಕೂದಲೆಳೆಯಷ್ಟರಲ್ಲಿ. ಸಾವ್ಕಾರರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು, ಆಮೇಲೆ ಅಂಗಡಿಯಲ್ಲಿ ಪಾಲು ಕೊಟ್ಟರು. ಸಹಾಯಕ ಸಾಹೇಬರಿಗೆ ದೂರದ ಒಂದು ಒಣ ಹೊಲಕ್ಕೆ ವರ್ಗವಾಯಿತು. ಅಲ್ಲಿ ಹಾಳೆ ಕತ್ತರಿಸಲು ಕತ್ತರಿ ಇತ್ತೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಅವರ ಬಗ್ಗೆ ನನಗೆ ಅಂದೂ ಮರುಕ ಇರಲಿಲ್ಲ, ಇಂದೂ ಇಲ್ಲ.

ಈಗ ನಿಮಗೆ ಎರಡು ಮಾತು, ಬಿಟ್ಟಿಯಾಗಿ. ಯಾರಾದರೂ "ಅಡ್ಡ ಕೂಡಿದೆ, ಉದ್ದ ಕೂಡಿದೆ" ಎಂದು ತೋರಿಸಿದರೆ ತಲೆಯಾಡಿಸಿ, ಮನೆಗೆ ಬಂದು ಜೋಡಿ ಪಟ್ಟಿ ಹಾಕಿ. ಮೊತ್ತ ಸರಿಬಂದ ಮಾತ್ರಕ್ಕೆ ಒಳಗಿನ ಭೇಟಿಗಳು ಸರಿ ಎಂದಲ್ಲ. ಸೊಸೆಯಂದಿರನ್ನು ಎಣಿಸಿ ಮನೆ ಸುಖವಾಗಿದೆ ಎಂದ ಹಾಗೆ ಅದು. ನಿಮ್ಮ ಕೆಲಸದ ಮೇಲೆ ಹೆಸರು ಬರೆಯುವುದಾದರೆ ಮೂಲೆಯಲ್ಲಿ ಬರೆಯಬೇಡಿ, ಅಂಕಿಗಳ ನಡುವೆ ಬರೆಯಿರಿ. ಕತ್ತರಿ ಹಾಕಿದರೆ ಕೆಲಸವೂ ಹೋಗಬೇಕು. ಒಂದು ನಕಲು ಜೇಬಿನಲ್ಲಿರಲಿ. ಕೇಳುವ ಮುಂಚೆ ತೋರಿಸಬೇಡಿ, ತೋರಿಸಿದ ಮೇಲೂ ಷರತ್ತು ಮುಗಿಯುವ ತನಕ ಕೈಬಿಡಬೇಡಿ.

ಇನ್ನು ಸೇಡು. ತೀರಿಸಿಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ತೀರಿಸಿಕೊಳ್ಳಿ. ಆದರೆ ಅದಕ್ಕೂ ಮೊದಲೊಂದು ಜೋಡಿ ಪಟ್ಟಿ ಹಾಕಿ. ನೀವು ಒಂದು ಕಡೆ, ಅವನು ಒಂದು ಕಡೆ, ಅಷ್ಟೇ ಎಂದುಕೊಂಡಿರುತ್ತೀರಿ. ನಡುವೆ ಇನ್ನು ಯಾರು ಯಾರು ಅದೇ ತಾಟಿನಲ್ಲಿ ಬರುತ್ತಾರೆ ನೋಡಿ. ಹಿಟ್ಟು ನಾದುವ ಕೈ ಒಂದು ಇದ್ದೇ ಇರುತ್ತದೆ. ಹಿಂದಿನ ದಿನವೇ ಆ ಮನೆಗೆ ಹೋಗಿ, ನಾಳೆ ಒಲೆ ಹಚ್ಚಬೇಡವ್ವ ಎಂದು ಹೇಳಿ ಬನ್ನಿ.